ಕಿವಿಗೆ ನಿಲುಕಿದಷ್ಟು ದೂರ

1891ರ ಕೊನೆಯ ತಿಂಗಳಲ್ಲಿ, ಇನ್ನೂ ಇಪ್ಪತ್ತಾರು ತುಂಬದ ಇಂಗ್ಲಿಷ್ ಲೇಖಕನೊಬ್ಬ ಕೊಲಂಬೊದಿಂದ ದಾಟಿ ಬಂದು, ಭಾರತದ ದಕ್ಷಿಣದ ತುದಿಯಿಂದ ರೈಲು ಹತ್ತಿ ಲಾಹೋರಿಗೆ ಹೊರಟ. ನಾಲ್ಕು ಹಗಲು, ನಾಲ್ಕು ರಾತ್ರಿ ರೈಲಿನ ಹೊಟ್ಟೆಯೊಳಗೆ ಕಳೆದ ಆ ಪ್ರಯಾಣವನ್ನು ಮುಂದೆ ಮುಪ್ಪಿನಲ್ಲಿ ನೆನೆದುಕೊಂಡಾಗ, ಸುತ್ತಲಿನವರು ಆಡುತ್ತಿದ್ದ ಮಾತಿನಲ್ಲಿ ಒಂದೇ ಒಂದು ಪದವೂ ತನಗೆ ತಿಳಿಯಲಿಲ್ಲವೆಂದು ಅವನು ಬರೆದ. ಆತ ರಡ್ಯಾರ್ಡ್ ಕಿಪ್ಲಿಂಗ್. ಬೊಂಬಾಯಿಯಲ್ಲಿ ಹುಟ್ಟಿದವನು, ಲಾಹೋರಿನ ಗಲ್ಲಿಗಳಲ್ಲಿ ರಾತ್ರಿಯಿಡೀ ಅಲೆದವನು, ಭಾರತವನ್ನು ಇಂಗ್ಲೆಂಡಿಗೆ ತೋರಿಸಿಕೊಟ್ಟವನೆಂದು ಆಗಲೇ ಹೆಸರು ಮಾಡಿದ್ದವನು. ನಮ್ಮ ಕಡೆಯ ನೆಲದ ಮೇಲೆ ಅವನು ಕಿವುಡನಂತೆ ಕುಳಿತು ಸಾಗಿಹೋದ.

ಈ ಒಂದು ವಾಕ್ಯ ನನ್ನನ್ನು ಬಹಳ ವರ್ಷಗಳಿಂದ ಬಿಟ್ಟಿಲ್ಲ. ಕಿಪ್ಲಿಂಗ್ ನನ್ನ ಪಾಲಿಗೆ ಮೊದಲು ಭಾನುವಾರದ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿ. ಆಮೇಲೆ ಶಾಲೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದ್ದ ‘ಇಫ್’ ಪದ್ಯ. ಕಾಲೇಜಿಗೆ ಬಂದ ಮೇಲೆ, ಬಿಳಿಯರ ಹೊರೆಯನ್ನು ಹಾಡಿ ಹೊಗಳಿದ ಸಾಮ್ರಾಜ್ಯದ ಕವಿ. ಆ ದಿನಗಳಲ್ಲಿ ಅವನ ಪುಸ್ತಕಗಳನ್ನು ಸಿಟ್ಟಿನಿಂದ ಕಪಾಟಿನ ಹಿಂದಿನ ಸಾಲಿಗೆ ತಳ್ಳಿದ್ದೆ. ನಲವತ್ತು ದಾಟಿದ ಮೇಲೆ ಮತ್ತೆ ತೆಗೆದು ಓದತೊಡಗಿದಾಗ ಸಿಟ್ಟು ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ಅದರ ಜೊತೆಗೆ ಒಂದು ಪ್ರಶ್ನೆ ಬಂದು ಕೂತಿತ್ತು: ಈ ಮನುಷ್ಯನಿಗೆ ಎಲ್ಲಿ ಕೇಳಿಸಿತು, ಎಲ್ಲಿ ಕೇಳಿಸಲಿಲ್ಲ? ಅವನ ಕಥೆ, ಕವಿತೆಗಳಲ್ಲಿ ನಿಜ ಎಲ್ಲಿದೆ, ಸುಳ್ಳು ಎಲ್ಲಿದೆ ಎಂಬುದನ್ನು ಈ ಪ್ರಶ್ನೆ ಹಿಡಿದು ಹುಡುಕಿದರೆ ಸಿಗುತ್ತದೆಂದು ನನಗೆ ಅನ್ನಿಸುತ್ತದೆ. (ಅವನನ್ನು ಏಕವಚನದಲ್ಲಿಯೇ ಬರೆಯುತ್ತಿದ್ದೇನೆ. ಇದು ಅಗೌರವವಲ್ಲ, ಜಗಳವಾಡಿ ಜಗಳವಾಡಿ ಹತ್ತಿರದವನಾದವನಿಗೆ ನಮ್ಮಲ್ಲಿ ಸಲ್ಲುವ ರೂಪ ಅದು.)

ಅವನು ಹುಟ್ಟಿದ್ದು 1865ರ ಡಿಸೆಂಬರ್ 30ರಂದು, ಬೊಂಬಾಯಿಯ ಜೆ. ಜೆ. ಕಲಾಶಾಲೆಯ ಆವರಣದಲ್ಲಿ. ತಂದೆ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿ ಶಿಲ್ಪಕಲೆಯ ಅಧ್ಯಾಪಕ. ಮಗುವನ್ನು ನೋಡಿಕೊಂಡವರು ಒಬ್ಬ ಕ್ರೈಸ್ತ ಆಯಾ ಮತ್ತು ಮೀತಾ ಎಂಬ ಹಿಂದೂ ಸೇವಕ. ಸಂಜೆ ಊಟದ ಕೋಣೆಗೆ ಕಳಿಸುವ ಮೊದಲು ಅವರು ಮಕ್ಕಳಿಗೆ ಎಚ್ಚರಿಕೆ ಹೇಳುತ್ತಿದ್ದರಂತೆ: ಅಪ್ಪ ಅಮ್ಮನ ಹತ್ತಿರ ಈಗ ಇಂಗ್ಲಿಷಿನಲ್ಲಿ ಮಾತಾಡಿ. ಆಗ ಮಕ್ಕಳು, ತಾವು ಯೋಚಿಸುತ್ತಿದ್ದ ಮತ್ತು ಕನಸು ಕಾಣುತ್ತಿದ್ದ ಇಲ್ಲಿಯ ನುಡಿಯಿಂದ ತಡವರಿಸುತ್ತ ಅನುವಾದಿಸಿಕೊಂಡು ಇಂಗ್ಲಿಷ್ ಆಡುತ್ತಿದ್ದರು. ಇಂಗ್ಲಿಷ್ ಭಾಷೆಯ ಬರಹಗಾರರಲ್ಲಿ ಮೊಟ್ಟಮೊದಲು ನೊಬೆಲ್ ಪಡೆದವನಿಗೆ, ಅದೂ 1907ರಲ್ಲಿ ನಲವತ್ತೊಂದರ ವಯಸ್ಸಿಗೇ ಪಡೆದವನಿಗೆ, ಇಂಗ್ಲಿಷ್ ಹೀಗೆ ಊಟದ ಕೋಣೆಯ ಭಾಷೆಯಾಗಿ, ಹೊರಗಿನ ಭಾಷೆಯಾಗಿ ಶುರುವಾಯಿತು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡಿ ಬೆಳೆದ ನಮಗೆ ಆ ತಡವರಿಕೆ ಗೊತ್ತು.

ಆರು ತುಂಬುವ ಮೊದಲೇ ಅವನನ್ನೂ ತಂಗಿಯನ್ನೂ ಇಂಗ್ಲೆಂಡಿನ ಸೌತ್‌ಸೀ ಎಂಬಲ್ಲಿ, ಹಣ ಪಡೆದು ಮಕ್ಕಳನ್ನು ಸಾಕುವ ಒಂದು ಮನೆಯಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಬಿಟ್ಟು ಹೋಗುತ್ತೇವೆಂದು ಮಕ್ಕಳಿಗೆ ಹೇಳಿರಲಿಲ್ಲ. ಸುಮಾರು ಆರು ವರ್ಷ ಆ ಮನೆಯಲ್ಲಿ ಹೊಡೆತ, ಬೈಗುಳ, ವಿಚಾರಣೆ. ಏಳೆಂಟು ವರ್ಷದ ಮಗುವನ್ನು ದಿನದ ಕೊನೆಗೆ ನಿಲ್ಲಿಸಿಕೊಂಡು ಏನೇನು ಮಾಡಿದೆ ಎಂದು ಪಾಟೀಸವಾಲು ಹಾಕಿದರೆ ಅದು ಒಂದಕ್ಕೊಂದು ಹೊಂದದ ಉತ್ತರ ಕೊಟ್ಟೇ ಕೊಡುತ್ತದೆ. ಪ್ರತಿಯೊಂದನ್ನೂ ಸುಳ್ಳೆಂದು ಬರೆದಿಟ್ಟುಕೊಳ್ಳಬಹುದು. ಒಮ್ಮೆ ಶಾಲೆಯ ಅಂಕಪಟ್ಟಿಯನ್ನು ಬಿಸಾಡಿ, ಬಂದೇ ಇಲ್ಲವೆಂದು ಹೇಳಿ ಸಿಕ್ಕಿಬಿದ್ದಾಗ, ‘ಸುಳ್ಳುಗಾರ’ ಎಂದು ಬರೆದ ಹಲಗೆಯನ್ನು ಅವನ ಬೆನ್ನಿಗೆ ಕಟ್ಟಿ ಊರಬೀದಿಯಲ್ಲಿ ಶಾಲೆಗೆ ನಡೆಸಿದರು. ಆ ಮನೆಯಲ್ಲಿ ಹೇಳಬೇಕಾಗಿ ಬಂದ ಸುಳ್ಳುಗಳಿಗೆ ತಾನು ಕೊಡಬೇಕಾಗಿ ಬಂದ ಗಮನವೇ ತನ್ನ ಸಾಹಿತ್ಯದ ಬುನಾದಿಯಿರಬೇಕು ಎಂದು ಅವನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ‘ಬಾ ಬಾ ಬ್ಲ್ಯಾಕ್ ಶೀಪ್’ ಎಂಬ 1888ರ ಕಥೆಯಲ್ಲಿ ಇದೆಲ್ಲ ಇದೆ. ಓದುವಾಗ ಹೊಟ್ಟೆ ತೊಳಸುವಂಥ ಕಥೆ ಅದು. ಆ ಹಲಗೆಯನ್ನು ನೆನಪಿನಲ್ಲಿಟ್ಟುಕೊಳ್ಳದೆ ಕಿಪ್ಲಿಂಗನ ಯಾವ ಬರಹವನ್ನೂ ನಾನು ಈಗ ಓದಲಾರೆ.

1882ರಲ್ಲಿ, ಇನ್ನೂ ಹದಿನೇಳು ತುಂಬದ ಹುಡುಗ ಬೊಂಬಾಯಿಗೆ ಮರಳಿ ಬಂದಿಳಿದ. ಆ ನೋಟ, ಆ ವಾಸನೆಗಳ ನಡುವೆ ನಡೆಯುತ್ತಿದ್ದಂತೆ ಅವನ ಬಾಯಿಂದ ಇಲ್ಲಿಯ ಭಾಷೆಯ ವಾಕ್ಯಗಳು ತಾವಾಗಿಯೇ ಹೊರಬಂದವಂತೆ. ಅವುಗಳ ಅರ್ಥವೇನೆಂದು ಅವನಿಗೇ ಮರೆತುಹೋಗಿತ್ತು. ಕಿವಿ ಉಳಿಸಿಕೊಂಡದ್ದನ್ನು ಬುದ್ಧಿ ಕಳೆದುಕೊಂಡಿತ್ತು. ಲಾಹೋರಿನ ‘ಸಿವಿಲ್ ಆ್ಯಂಡ್ ಮಿಲಿಟರಿ ಗೆಜೆಟ್’ ಪತ್ರಿಕೆಯಲ್ಲಿ ಐದು ವರ್ಷ, ಅಲಹಾಬಾದಿನ ‘ಪಯೋನಿಯರ್’ ಪತ್ರಿಕೆಯಲ್ಲಿ ಒಂದೂವರೆ ವರ್ಷ ಅವನು ದುಡಿದ. ಪತ್ರಿಕೆಯ ಅಂಕಣದಲ್ಲಿ ತುಂಬಬೇಕಾದ ಜಾಗಕ್ಕೆ ಅಳತೆಮಾಡಿ ಬರೆದ ಕಥೆಗಳೇ 1888ರಲ್ಲಿ ‘ಪ್ಲೇನ್ ಟೇಲ್ಸ್ ಫ್ರಮ್ ದ ಹಿಲ್ಸ್’ ಆದವು. ಅದೇ ವರ್ಷದಿಂದ ಎ. ಎಚ್. ವ್ಹೀಲರ್ ಕಂಪನಿಯವರು ರೈಲು ನಿಲ್ದಾಣಗಳಲ್ಲಿ ಒಂದೊಂದು ರೂಪಾಯಿಗೆ ಮಾರಿದ ಆರು ಪುಸ್ತಕಗಳು ಅವನ ಹೆಸರನ್ನು ಹಬ್ಬಿಸಿದವು.

ಈ ‘ಪ್ಲೇನ್ ಟೇಲ್ಸ್’ ಸಂಕಲನದ ಮೊದಲ ಕಥೆಯ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಕಥೆಯ ಹೆಸರು ‘ಲಿಸ್ಪೆತ್’. ಮೊದಲು ಅಚ್ಚಾದದ್ದು 1886ರಲ್ಲಿ, ಬರೆದವನಿಗೆ ಆಗ ಇಪ್ಪತ್ತು ವರ್ಷ. ಶಿಮ್ಲಾದ ಆಚೆ, ಸತ್ಲೆಜ್ ಕಣಿವೆಯ ಕೋಟಗಢದಲ್ಲಿ ಒಬ್ಬ ಬಡ ಬೆಟ್ಟದವನೂ ಅವನ ಹೆಂಡತಿಯೂ ಮುಸುಕಿನ ಜೋಳದ ಬೆಳೆ ಕೈಕೊಟ್ಟ ವರ್ಷ ಕ್ರೈಸ್ತರಾಗುತ್ತಾರೆ. ಮಗಳಿಗೆ ಎಲಿಜಬೆತ್ ಎಂದು ಹೆಸರಿಡುತ್ತಾರೆ. ಬೆಟ್ಟದವರ ನಾಲಗೆಯಲ್ಲಿ ಅದು ಲಿಸ್ಪೆತ್. ಕಾಲರಾದಲ್ಲಿ ಹೆತ್ತವರು ತೀರಿಹೋಗಿ, ಹುಡುಗಿ ಪಾದ್ರಿಯ ಮನೆಯಲ್ಲಿ ಅರ್ಧ ಆಳಾಗಿ, ಅರ್ಧ ಜೊತೆಗಾತಿಯಾಗಿ ಬೆಳೆಯುತ್ತಾಳೆ. ಒಂದು ದಿನ ಬೆಟ್ಟದ ದಾರಿಯಲ್ಲಿ ಬಿದ್ದು ಪ್ರಜ್ಞೆ ತಪ್ಪಿದ್ದ ಇಂಗ್ಲಿಷ್ ಯುವಕನನ್ನು ಎತ್ತಿಕೊಂಡು ಬಂದು ಮಲಗಿಸಿ, ಇವನೇ ನನ್ನ ಗಂಡನಾಗುವವನು ಎನ್ನುತ್ತಾಳೆ. ಅವನಿಗೆ ಊರಿನಲ್ಲಿ ಹುಡುಗಿ ಗೊತ್ತಾಗಿದೆ. ಗಲಾಟೆ ಆಗದಿರಲೆಂದು ಪಾದ್ರಿಯ ಹೆಂಡತಿಯೇ ಅವನಿಗೆ ಹೇಳಿಕೊಡುತ್ತಾಳೆ: ಮರಳಿ ಬಂದು ಮದುವೆಯಾಗುತ್ತೇನೆಂದು ಹೇಳಿ ಹೋಗಿಬಿಡು.

ಹುಡುಗಿ ಕಾಯುತ್ತಾಳೆ. ಆ ಮನೆಯಲ್ಲಿ ಮಕ್ಕಳು ಜೋಡಿಸುವ ಪ್ರಪಂಚದ ನಕಾಶೆಯ ತುಂಡುಗಳು ಇರುತ್ತವೆ. ಸಂಜೆ ಸಂಜೆ ಅವಳು ಅವನ್ನು ಜೋಡಿಸಿಟ್ಟು, ತನ್ನ ಇಂಗ್ಲಿಷಿನವನು ಎಲ್ಲಿರಬಹುದೆಂದು ಊಹಿಸುತ್ತ ಒಬ್ಬಳೇ ಅಳುತ್ತಾಳೆ. ದೂರವೆಂದರೇನು, ಹಡಗೆಂದರೇನು ಎಂಬ ಅಳತೆಯೇ ಅವಳಿಗಿಲ್ಲ. ಸಾಮ್ರಾಜ್ಯದ ನಕಾಶೆಯನ್ನು ಬೆಟ್ಟದ ಹುಡುಗಿಯೊಬ್ಬಳು ಮೊಣಕಾಲ ಮೇಲೆ ಜೋಡಿಸಿಕೊಂಡು, ಅದರಲ್ಲಿ ತನಗೆ ಕೊಟ್ಟ ಮಾತು ಎಲ್ಲಿದೆಯೆಂದು ಹುಡುಕುವ ಈ ಚಿತ್ರಕ್ಕಿಂತ ಕಟುವಾದ ಚಿತ್ರವನ್ನು ಆ ಕಾಲದ ಇಂಗ್ಲಿಷ್ ಬರಹದಲ್ಲಿ ನಾನು ಕಂಡಿಲ್ಲ. ಮೂರು ತಿಂಗಳ ಮೇಲೆ ಪಾದ್ರಿಯ ಹೆಂಡತಿ ನಿಜ ಹೇಳುತ್ತಾಳೆ, ನಿನ್ನನ್ನು ಸುಮ್ಮನಿರಿಸಲು ಹಾಗೆ ಹೇಳಿದೆವು ಮಗು ಎನ್ನುತ್ತಾಳೆ. ಹಾಗಾದರೆ ನೀವೂ ಅವನೂ ನನಗೆ ಸುಳ್ಳು ಹೇಳಿದಿರಾ ಎಂದು ಕೇಳಿ ಲಿಸ್ಪೆತ್ ಕಣಿವೆಗಿಳಿಯುತ್ತಾಳೆ, ಬೆಟ್ಟದವರ ಕೊಳೆ ಬಟ್ಟೆಯಲ್ಲಿ, ಕಪ್ಪು ದಾರ ಸೇರಿಸಿ ಹೆಣೆದ ಜಡೆಯಲ್ಲಿ ತಿರುಗಿ ಬರುತ್ತಾಳೆ. ನೀವು ಲಿಸ್ಪೆತ್‌ಳನ್ನು ಕೊಂದಿರಿ, ಉಳಿದಿರುವವಳು ಜಾದೆಯ ಮಗಳು, ತಾರ್ಕಾದೇವಿಯ ಸೇವಕಿ. ಇಂಗ್ಲಿಷರಾದ ನೀವೆಲ್ಲರೂ ಸುಳ್ಳುಗಾರರು ಎಂದು ಹೇಳಿ ಹೋಗಿಬಿಡುತ್ತಾಳೆ.

ತನ್ನ ಬೆನ್ನಿಗೆ ಕಟ್ಟಿದ್ದ ಹಲಗೆಯನ್ನು ಇಪ್ಪತ್ತರ ಹುಡುಗ ಬಿಚ್ಚಿ, ತನ್ನ ಜನಾಂಗದ ಬೆನ್ನಿಗೆ ಕಟ್ಟಿದ ಜಾಗ ಇದು. ಅದನ್ನು ಕಟ್ಟಲು ಅವನು ಆರಿಸಿಕೊಂಡದ್ದು ಒಬ್ಬ ಬೆಟ್ಟದ ಹುಡುಗಿಯ ಕೈಯನ್ನು. ಕಥೆಯ ನಿರೂಪಕ ಅವಳ ಪರ ಒಂದು ಮಾತನ್ನೂ ಆಡುವುದಿಲ್ಲ. ಈ ಅನ್ಯಧರ್ಮೀಯರ ಚಂಚಲತೆಗೆ ಯಾವ ನಿಯಮವೂ ಇಲ್ಲ ಎಂಬ ಪಾದ್ರಿ ಹೆಂಡತಿಯ ತೀರ್ಪನ್ನು ಹಾಗೆಯೇ ಬರೆದು ಮುಂದೆ ಹೋಗುತ್ತಾನೆ. ಆದರೆ ಓದಿ ಮುಗಿಸಿದ ಮೇಲೆ ಕಿವಿಯಲ್ಲಿ ಉಳಿಯುವುದು ಹುಡುಗಿಯ ಮಾತು. ಹದಿನೈದು ವರ್ಷಗಳ ನಂತರ, 1901ರ ‘ಕಿಮ್’ ಕಾದಂಬರಿಯಲ್ಲಿ, ಶಾಮ್ಲೇಗ್ ಎಂಬ ಹಳ್ಳಿಯ ಒಡತಿಯಾಗಿ ಅವಳು ಮತ್ತೆ ಕಾಣಿಸಿಕೊಳ್ಳುತ್ತಾಳೆ, ಒಂದು ಕಾಲದಲ್ಲಿ ಒಬ್ಬ ಸಾಹೇಬ ತನ್ನನ್ನು ಮೆಚ್ಚಿದ್ದನೆಂದು ಹೇಳಿಕೊಳ್ಳುತ್ತಾಳೆ. ಲೇಖಕನೂ ಅವಳನ್ನು ಮರೆತಿರಲಿಲ್ಲ.

‘ಕಿಮ್’ನ ಹುಡುಗ ಐರಿಷ್ ಸಿಪಾಯಿಯ ಮಗ, ಲಾಹೋರಿನ ಬೀದಿಯಲ್ಲಿ ಬೆಳೆದವನು, ಇಲ್ಲಿಯ ಭಾಷೆಯನ್ನು ಇಷ್ಟಪಟ್ಟು ಆಡುತ್ತ ತನ್ನ ತಾಯ್ನುಡಿಯನ್ನು ತುಂಡು ತುಂಡಾಗಿ, ರಾಗವೆಳೆದು ಆಡುವವನು. ಕಾದಂಬರಿಯ ಮಾತುಕತೆಯ ಬಹುಪಾಲು ನಡೆಯುವುದು ಹಿಂದೂಸ್ತಾನಿಯಲ್ಲಿ. ಕಿಪ್ಲಿಂಗ್ ಅದನ್ನು ಹಳೆಯ ಇಂಗ್ಲಿಷಿನ ‘ದೌ’, ‘ದೀ’ಗಳಲ್ಲಿ ಬರೆಯುತ್ತಾನೆ. ಇಂಗ್ಲಿಷ್ ಓದುಗರಿಗೆ ಇದು ಹಳೆಗಾಲದ ನಾಟಕದ ಮಾತಿನಂತೆ ಕೇಳಿಸುತ್ತದೆ. ಕೆಲವು ಪುಟಗಳನ್ನು ನನ್ನ ಪಾಡಿಗೆ ಕನ್ನಡಕ್ಕೆ ತಂದು ನೋಡಿದಾಗ ನನಗೆ ಆದ ಅನುಭವವೇ ಬೇರೆ. ಇಂಗ್ಲಿಷಿನಿಂದ ಅನುವಾದಿಸುವಾಗ ಸದಾ ಕಾಡುವ ‘ನೀನು’ ಮತ್ತು ‘ನೀವು’ಗಳ ಗೊಂದಲ ಇಲ್ಲಿ ಇರಲೇ ಇಲ್ಲ, ಏಕೆಂದರೆ ಅವನು ‘ತೂ’, ‘ತುಮ್’ಗಳನ್ನು ಕೇಳಿಸಿಕೊಂಡೇ ಬರೆದಿದ್ದ. ಕೊನೆಯ ಅಧ್ಯಾಯದಲ್ಲಿ ದಣಿದ ಮುದುಕ ಲಾಮಾನನ್ನು ಹೆಗಲಿಗೆ ಆನಿಸಿಕೊಂಡು ನಡೆಯುವ ಕಿಮ್ ಆಡುವ ಮಾತನ್ನು ನಾನು ಹೀಗೆ ಬರೆದುಕೊಂಡೆ: “ಸ್ವಾಮಿ, ನೀನು ಮೈಭಾರಕ್ಕೆ ನನ್ನನ್ನು ಊರಿಕೊಂಡಿದ್ದೀಯೆ, ನಾನು ಬೇರೆ ಕೆಲವಕ್ಕೆ ನಿನ್ನನ್ನು ಊರಿಕೊಂಡಿದ್ದೇನೆ. ಗೊತ್ತೇನು ನಿನಗೆ?” ಗುರುವಿಗೆ ‘ನೀವು’ ಎನ್ನಬೇಕಲ್ಲವೇ ಎಂದು ಕೈ ತಡೆಯಿತು. ಆದರೆ ದೇವರನ್ನೂ ಗುರುವನ್ನೂ ನೀನು ಎಂದು ಕರೆದು ಜಗಳವಾಡಿದ ವಚನಕಾರರ, ದಾಸರ ಭಾಷೆ ನಮ್ಮದು. ಆ ವಾಕ್ಯ ಕನ್ನಡದಲ್ಲಿ ತನ್ನ ಮನೆಗೇ ಬಂದಂತೆ ಕೂತಿತು. ಇಂಗ್ಲಿಷ್ ಪುಸ್ತಕವೊಂದರ ಅಡಿಯಲ್ಲಿ ನಮ್ಮ ಕಡೆಯ ಮಾತಿನ ಮಣ್ಣು ಸಿಕ್ಕಾಗ ಆಗುವ ಸಂತೋಷವನ್ನು ನಾನು ಮುಚ್ಚಿಡಲಾರೆ.

ಕೇಳಿಸಿಕೊಳ್ಳುವುದರ ಬೆಲೆ ಅವನಿಗೂ ಗೊತ್ತಿತ್ತು. ಹೆದ್ದಾರಿಯಲ್ಲಿ ಪಲ್ಲಕ್ಕಿಯ ಪರದೆಯೊಳಗಿಂದ ಮಾತಾಡುವ ಕುಳುವಿನ ಮುದುಕಿಗೂ ಅವಳದೇ ಭಾಷೆಯಲ್ಲಿ ತಮಾಷೆ ಮಾಡುವ ಒಬ್ಬ ಇಂಗ್ಲಿಷ್ ಪೊಲೀಸ್ ಅಧಿಕಾರಿಗೂ ನಡೆಯುವ ಸರಸದ ಮಾತು ಮುಗಿದ ಮೇಲೆ, ಅವಳು ಹೇಳುತ್ತಾಳೆ: ನ್ಯಾಯ ನೋಡಿಕೊಳ್ಳಬೇಕಾದವರು ಇಂಥವರು, ಇವರಿಗೆ ನೆಲ ಗೊತ್ತು, ನೆಲದ ನಡೆ ಗೊತ್ತು, ಬಿಳಿಯ ಹೆಂಗಸರ ಹಾಲು ಕುಡಿದು, ನಮ್ಮ ಭಾಷೆಗಳನ್ನು ಪುಸ್ತಕದಿಂದ ಕಲಿತು ಹೊಸದಾಗಿ ಬರುವವರು ಪಿಡುಗಿಗಿಂತ ಕಡೆ. ಕಿವಿಗೆ ಸಂದ ಈ ಹೊಗಳಿಕೆಯ ಒಳಗೇ ಅವನ ಮಿತಿಯೂ ಇದೆ. ನಮ್ಮ ಮಾತು ಬಲ್ಲವನು ನಮ್ಮನ್ನು ಆಳಲಿ ಎಂದು ನಮ್ಮ ಬಾಯಿಂದಲೇ ಹೇಳಿಸಲಾಗುತ್ತಿದೆ. ಅದೇ ಕಾದಂಬರಿಯಲ್ಲಿ ಇನ್ನೊಬ್ಬ ಮುದುಕ, 1857ರಲ್ಲಿ ಇಂಗ್ಲಿಷರ ಕಡೆ ನಿಂತ ಸವಾರ, ಆ ದಂಗೆಯನ್ನು ಸೈನ್ಯಕ್ಕೆ ಹಿಡಿದ ಹುಚ್ಚು ಎಂದು ವರ್ಣಿಸುತ್ತಾನೆ. ಸಾಹಿತ್ಯ ವಿಮರ್ಶಕ ಎಡ್ವರ್ಡ್ ಸೈದ್ ಈ ಮಾತಿನ ಮೇಲೆ ಬೆರಳಿಟ್ಟು, ಆ ದಂಗೆಗೆ ಕಾರಣವಿರಬಹುದೆಂಬ ದನಿಯೇ ಪುಸ್ತಕದಲ್ಲಿಲ್ಲವೆಂದು ತೋರಿಸಿದ. ಅದು ಸರಿಯಾದ ಮಾತು. ನಾನು ಅದಕ್ಕೆ ಸೇರಿಸಬೇಕಾದದ್ದು ಒಂದಿದೆ: ಕಿಪ್ಲಿಂಗನ ಭಾರತೀಯರು ತಮ್ಮ ಭಾಷೆಯಲ್ಲಿ ಮಾತಾಡುವಾಗ ಘನತೆಯಿಂದಿರುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡಿದ ಕೂಡಲೇ ನಗೆಪಾಟಲಾಗುತ್ತಾರೆ. ‘ಕಿಮ್’ನ ಬಂಗಾಳಿ ಹರಿಬಾಬು ಇದಕ್ಕೆ ಉದಾಹರಣೆ. ದೇಶಭಾಷೆಯಲ್ಲಿ ಅವನು ಚುರುಕು, ಧೀರ, ಇಂಗ್ಲಿಷಿನಲ್ಲಿ ವಿದೂಷಕ. ಇಂಗ್ಲಿಷ್ ಕಲಿತ ಭಾರತೀಯನೆಂದರೆ ಎದುರುತ್ತರ ಕೊಡಬಲ್ಲವನು, ಅದೂ ಆಳುವವನ ಭಾಷೆಯಲ್ಲಿ, ಆಳುವವನದೇ ಕಾನೂನು ಪುಸ್ತಕ ಹಿಡಿದು. ಆ ದನಿ ಕೇಳಿಸಬಾರದೆಂದೇ ಕಿಪ್ಲಿಂಗ್ ಅದನ್ನು ತಮಾಷೆಯಲ್ಲಿ ಮುಳುಗಿಸಿದನೆಂದು ನನ್ನ ಅನಿಸಿಕೆ. ಲಿಸ್ಪೆತ್ ಬೈದು ಬೆಟ್ಟ ಹತ್ತಿ ಹೋಗಬಹುದು. ಹರಿಬಾಬು ಬೈದರೆ ಅದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ.

‘ಜಂಗಲ್ ಬುಕ್’ ಬಗ್ಗೆ ಒಂದೆರಡು ಮಾತು ಸಾಕು. 1894 ಮತ್ತು 1895ರಲ್ಲಿ ಬಂದ ಆ ಎರಡು ಪುಸ್ತಕಗಳನ್ನು ಅವನು ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಹಿಮದ ನಡುವೆ. ಕಥೆ ನಡೆಯುವ ಸಿವನಿಯ ಕಾಡನ್ನು ಅವನು ಕಂಡಿರಲಿಲ್ಲ, ಬೇರೆಯವರ ಬರಹದಿಂದ ಪಡೆದಿದ್ದ. ಆದರೂ ಆ ಕಾಡು ಉಸಿರಾಡುವುದು ಹೆಸರುಗಳಿಂದ. ಭಾಲೂ, ಹಾಥಿ, ಚೀಲ್, ಅಕೇಲಾ. ಇಂಗ್ಲಿಷ್ ಮಗುವಿಗೆ ಇವು ಮಂತ್ರದಂಥ ಸದ್ದುಗಳು. ಹಿಂದಿ ಬಲ್ಲ ಮಗುವಿಗೆ ಕರಡಿಯ ಹೆಸರು ಕರಡಿ, ಆನೆಯ ಹೆಸರು ಆನೆ. ನಾನು ಇವೆರಡರ ನಡುವೆ ಇದ್ದೆ. ತೋಳಗಳ ನಾಯಕ ಅಕೇಲಾ ಎಂದರೆ ‘ಒಂಟಿ’ ಎಂದು ಹಿಂದಿ ಪಾಠದಲ್ಲಿ ತಿಳಿದ ದಿನ, ಹಿಂಡಿನ ನಡುವೆ ಬಂಡೆಯ ಮೇಲೆ ಮಲಗಿರುವ ಆ ಮುದಿತೋಳ ನನಗೆ ಬೇರೆಯೇ ಆಗಿ ಕಂಡಿತು.

ಈಗ ಆ ನಾಲ್ಕು ದಿನಗಳ ರೈಲಿಗೆ ಮರಳಬೇಕು. ಮಾತು ತಿಳಿಯದ ಆ ಪ್ರಯಾಣದ ಕೆಲವು ವರ್ಷಗಳ ಮೇಲೆ ಅವನು ‘ವಿಲಿಯಂ ದ ಕಾಂಕರರ್’ ಎಂಬ ಕಥೆ ಬರೆದ. 1898ರ ‘ದ ಡೇಸ್ ವರ್ಕ್’ ಸಂಕಲನದಲ್ಲಿ ಅದು ಸೇರಿದೆ. ಮದರಾಸು ಪ್ರಾಂತ್ಯದ ಎಂಟು ಜಿಲ್ಲೆಗಳಲ್ಲಿ ಬರಗಾಲ ಘೋಷಣೆಯಾಗುತ್ತದೆ. ಪಂಜಾಬಿನ ನೀರಾವರಿ ಇಲಾಖೆಯ ಸ್ಕಾಟ್ ಎಂಬ ಎಂಜಿನಿಯರು ಪರಿಹಾರದ ಕೆಲಸಕ್ಕೆ ದಕ್ಷಿಣಕ್ಕೆ ಬರುತ್ತಾನೆ. ವಿಲಿಯಂ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳು ತನ್ನ ಅಣ್ಣನೊಡನೆ ಬರುತ್ತಾಳೆ. ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ಅವರಿಗೆ ಕಾಣುವುದು ಅವರಿಗೇ ಪರಕೀಯವಾದ ಭಾರತ. ತಾಳೆಮರ, ಭತ್ತ, ಕೆಂಪು ನೆಲದ, ಚಿತ್ರದ ಪುಸ್ತಕಗಳಲ್ಲಿರುವ ಭಾರತ. ಆ ಒಂದು ಮಾತಿನಲ್ಲಿ ಕಿಪ್ಲಿಂಗ್ ನಿಜವನ್ನೇ ಒಪ್ಪಿಕೊಂಡಿದ್ದಾನೆ. ನಾವು ಅವನಿಗೆ ಚಿತ್ರವಾಗಿದ್ದೆವು, ದನಿಯಾಗಿರಲಿಲ್ಲ.

ಆ ಕಥೆಯಲ್ಲಿ ನಿಜವಾದ ಜಾಗವೂ ಒಂದಿದೆ. ಉತ್ತರದಿಂದ ಗೋಧಿ, ಸಜ್ಜೆಯಂಥ ಕಾಳುಗಳ ಚೀಲ ಬರುತ್ತವೆ. ಹಸಿದ ಜನ ಗಾಡಿಯ ಹತ್ತಿರ ಬಂದು ಅಕ್ಕಿ ಕೇಳುತ್ತಾರೆ, ಭತ್ತವಾದರೂ ಸರಿ ಎನ್ನುತ್ತಾರೆ, ಇಲ್ಲವೆಂದಾಗ ಅಳುತ್ತ ಗಾಡಿಯಿಂದ ದೂರ ಸರಿಯುತ್ತಾರೆ. ಗಂಟಲಲ್ಲಿ ಸಿಕ್ಕಿಕೊಳ್ಳುವ ಈ ಗಟ್ಟಿ ಕಾಳುಗಳಿಂದ ಏನು ಪ್ರಯೋಜನ, ಸಾಯುತ್ತೇವೆ ಎನ್ನುತ್ತಾರೆ. ಹಾಗೆಯೇ ಎಷ್ಟೋ ಜನ ಸಾಯುತ್ತಾರೆ. ವಾರಕ್ಕಾಗುವಷ್ಟು ಕಾಳು ಕೊಟ್ಟು ನಾಲ್ಕು ಹಿಡಿ ಮುಗ್ಗಿದ ಅಕ್ಕಿ ಕೊಳ್ಳುವವರೂ ಇದ್ದಾರೆ. ಬೇಡವಾದ ಕಾಳನ್ನು ಸ್ಕಾಟನ ಕಡೆಯವರು ಆಡುಗಳಿಗೆ ತಿನ್ನಿಸಿ, ಆ ಹಾಲನ್ನು ತಾಯಂದಿರು ಬಿಟ್ಟುಹೋದ ಕೂಸುಗಳಿಗೆ ಹನಿ ಹನಿಯಾಗಿ ಕುಡಿಸುತ್ತಾರೆ. ಹಸಿವೆಂದರೆ ಬರೀ ಹೊಟ್ಟೆಯ ಸಂಗತಿಯಲ್ಲ, ನಾಲಗೆಯ, ಗಂಟಲಿನ, ಅಭ್ಯಾಸದ ಸಂಗತಿಯೆಂದು ತಿಳಿದವನು ಮಾತ್ರ ಇದನ್ನು ಬರೆಯಬಲ್ಲ.

ಆದರೆ ಮುಂದೇನಾಗುತ್ತದೆ ನೋಡಿ. ಒಂದು ಸಂಜೆ ವಿಲಿಯಂ ಡೇರೆಯ ಬಾಗಿಲಲ್ಲಿ ಕುಳಿತಿರುವಾಗ, ಮುಳುಗುವ ಸೂರ್ಯನ ಹೊನ್ನಿನ ಧೂಳಿನ ಪ್ರಭಾವಳಿಯಲ್ಲಿ ಸ್ಕಾಟ್ ತನ್ನ ಆಡುಗಳ ಮುಂದೆ ದೇವತೆಯಂತೆ ನಡೆದು ಬರುತ್ತಾನೆ. ಅವನ ಮೊಣಕಾಲ ಬಳಿ ಬೆತ್ತಲೆ ಮಕ್ಕಳು ಪುಟ್ಟ ಮನ್ಮಥರಂತೆ ಓಡಿ ಬರುತ್ತಿದ್ದಾರೆ. ಬರದಲ್ಲಿ ತಾಯಿ ಸತ್ತ ಕೂಸುಗಳು ಇಬ್ಬರು ಇಂಗ್ಲಿಷರ ಪ್ರೇಮಕ್ಕೆ ಒದಗಿದ ಮನ್ಮಥರು. ಈ ವಾಕ್ಯವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ.

ಕಾರಣವಿದೆ. ಕಥೆಯಲ್ಲಿ ಇಸವಿ ಇಲ್ಲ. ಆದರೆ ದಕ್ಷಿಣದವರ ನೆನಪಿನಲ್ಲಿ ಉಳಿದ ದೊಡ್ಡ ಬರ 1876ರಿಂದ 1878ರವರೆಗಿನದು; ನಮ್ಮ ಹಿರಿಯರು ಸಂವತ್ಸರದ ಹೆಸರು ಹಿಡಿದು ಧಾತು ಈಶ್ವರ ಬರ ಎಂದು ಕರೆದದ್ದು. ಮೈಸೂರು ಆಗ ನೇರವಾಗಿ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಒಳಗೆ ಇಳಿದಿತ್ತು. ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಯ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. 1877ರ ಜನವರಿ 1ರಂದು, ಜನ ಹೀಗೆ ಸಾಯುತ್ತಿದ್ದಾಗ, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದ; ಅದರ ಅಲಂಕಾರದ ಕೆಲಸದಲ್ಲಿ ನಮ್ಮ ಲೇಖಕನ ತಂದೆ ಲಾಕ್‌ವುಡ್ ಕಿಪ್ಲಿಂಗನ ಕೈಯೂ ಇತ್ತು. ಖರ್ಚು ಹಿಡಿತದಲ್ಲಿಡಲು ದಕ್ಷಿಣಕ್ಕೆ ಕಳಿಸಲ್ಪಟ್ಟ ರಿಚರ್ಡ್ ಟೆಂಪಲ್ ಕಾಮಗಾರಿಯ ಆಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಬೆಲೆಗೆ ಇಳಿಸಿದ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದರಿಂದ ಮನುಷ್ಯ ಬದುಕಲಾರನೆಂದು ವಾದಿಸಬೇಕಾಯಿತು. ಕಿಪ್ಲಿಂಗನ ಕಥೆಯ ತುಂಬ ನಿದ್ದೆಗೆಟ್ಟು ದುಡಿಯುವ ಅಧಿಕಾರಿಗಳಿದ್ದಾರೆ. ಅಂಥವರು ಇದ್ದರು, ನಾನು ಅಲ್ಲಗಳೆಯುವುದಿಲ್ಲ. ದಿನಕ್ಕೆ ಒಂದು ಪೌಂಡ್ ಎಂದು ಬರೆದ ಕೈ ಮಾತ್ರ ಆ ಕಥೆಯಲ್ಲಿಲ್ಲ.

ಇನ್ನೊಂದು ಸಣ್ಣ ಸಂಗತಿ, ನನಗೆ ಸಣ್ಣದಲ್ಲ. ಕಥೆಯ ದಕ್ಷಿಣದವರೆಲ್ಲ ಅಕ್ಕಿ ತಿನ್ನುವವರು. ನಮ್ಮ ಬಯಲುಸೀಮೆಯವರು ರಾಗಿ, ಜೋಳದವರು. ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದೆಂದು ಹೇಳುತ್ತಿದ್ದ ಮಾತಿನಲ್ಲಿ ಅಕ್ಕಿಯ ಸುದ್ದಿಯೇ ಇರಲಿಲ್ಲ, ಹಗೇವಿನ ಸುದ್ದಿಯಿತ್ತು. ಹತ್ತಾರು ವರ್ಷ ಕೆಡದೆ ಉಳಿಯಲೆಂದು ರಾಗಿಯನ್ನು ನೆಲದೊಳಗೆ ತುಂಬಿ ಮುಚ್ಚಿಡುವ ಗುಂಡಿ ಅದು. ಆ ವರ್ಷ ಹಗೇವಿನ ಬಾಯಿ ತೆಗೆದರೆ ಒಳಗೆ ಕೂಗಿದ ಕೂಗು ಹಾಗೆಯೇ ಮರಳಿ ಬರುತ್ತಿತ್ತಂತೆ, ಅಷ್ಟು ಖಾಲಿ. ಅಜ್ಜಿ ಇದನ್ನು ಹೇಳುವಾಗ ಎರಡು ಅಂಗೈಗಳನ್ನು ಬಾಯಿಯ ಸುತ್ತ ಬಟ್ಟಲು ಮಾಡಿ, ನೆಲದ ಕಡೆ ಬಾಗಿ ‘ಊ’ ಎಂದು ಕೂಗಿ ತೋರಿಸುತ್ತಿದ್ದಳು. ನಾಲ್ಕು ದಿನಗಳ ರೈಲಿನಲ್ಲಿ ಕೇಳಿಸದ್ದು ಇದು. ರಾಗಿಯೂ ಜೋಳವೂ ಅನ್ನವೂ ಒಂದೇ ಆಗಿ ಕಂಡದ್ದು, ಕೂಸುಗಳು ಮನ್ಮಥರಾದದ್ದು ಒಂದೇ ಕಾರಣಕ್ಕೆ. ಲಾಹೋರಿನ ಮುದುಕಿಯೊಬ್ಬಳ ಬೈಗುಳವನ್ನು ಉಸಿರು ಸಮೇತ ಬರೆಯಬಲ್ಲವನಿಗೆ ಇಲ್ಲಿ ಬರೆದುಕೊಳ್ಳಲು ಬೈಗುಳವೇ ಸಿಕ್ಕಿರಲಿಲ್ಲ.

ಕಿವಿಯೊಂದಿದ್ದರೆ ಸಾಕಿತ್ತು ಎಂದು ಇಲ್ಲಿಗೆ ನಿಲ್ಲಿಸಿದರೆ ನಾನೂ ಸುಳ್ಳು ಹೇಳಿದಂತೆ. 1899ರ ‘ವೈಟ್ ಮ್ಯಾನ್ಸ್ ಬರ್ಡನ್’ ಕವಿತೆಯನ್ನು ಅವನು ಬರೆದದ್ದು ಫಿಲಿಪೀನ್ಸನ್ನು ವಶಕ್ಕೆ ತೆಗೆದುಕೊಳ್ಳುತ್ತಿದ್ದ ಅಮೆರಿಕಕ್ಕೆ, ಆ ದ್ವೀಪಗಳ ಒಂದು ಮಾತನ್ನೂ ಕೇಳದೆ. ಅದನ್ನು ಕಿವುಡೆಂದು ಬಿಡಬಹುದು. ಆದರೆ ಅಮೃತಸರ? ಅವನು ಭಾಷೆ ಕಲಿತ ಲಾಹೋರಿಗೂ ಅಮೃತಸರಕ್ಕೂ ನಡುವೆ ಇರುವುದು ಸುಮಾರು 50 ಕಿಲೋಮೀಟರು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಬಿದ್ದವರು ಅವನಿಗೆ ತಿಳಿದ ಮಾತಿನಲ್ಲೇ ಚೀರಿದರು. ಮರುವರ್ಷ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಜನರಲ್ ಡಯರನಿಗಾಗಿ ನಿಧಿ ಕೂಡಿಸಿದಾಗ ಹಣ ಕೊಟ್ಟವರಲ್ಲಿ ಕಿಪ್ಲಿಂಗನೂ ಒಬ್ಬ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ, ಹುಡುಕುವುದೂ ಇಲ್ಲ.

ಇದೇ ವರ್ಷಗಳಲ್ಲಿಯೇ ಅವನೊಳಗೆ ಇನ್ನೊಂದು ಕುಸಿತ ನಡೆದಿತ್ತು. ಮಗ ಜಾನ್‌ಗೆ ದೃಷ್ಟಿ ಮಂದವಾಗಿದ್ದರಿಂದ ಸೈನ್ಯದಲ್ಲಿ ಅವನನ್ನು ತೆಗೆದುಕೊಂಡಿರಲಿಲ್ಲ. ತಂದೆ ತನಗೆ ಪರಿಚಯವಿದ್ದ ಹಿರಿಯ ಸೇನಾನಿ ಲಾರ್ಡ್ ರಾಬರ್ಟ್ಸ್‌ನ ಮೂಲಕ ಐರಿಷ್ ಗಾರ್ಡ್ಸ್ ದಳದಲ್ಲಿ ಜಾಗ ಕೊಡಿಸಿದ. 1915ರ ಸೆಪ್ಟೆಂಬರಿನಲ್ಲಿ, ಹದಿನೆಂಟು ತುಂಬಿ ಆರು ವಾರಕ್ಕೆ, ಫ್ರಾನ್ಸಿನ ಲೂಸ್ ಕಾಳಗದಲ್ಲಿ ಆ ಹುಡುಗ ಕಾಣೆಯಾದ. 1936ರಲ್ಲಿ ತಂದೆ ಸಾಯುವವರೆಗೂ ಮಗನ ದೇಹ ಎಲ್ಲಿದೆಯೆಂದು ತಿಳಿಯಲಿಲ್ಲ. ಯುದ್ಧ ಮುಗಿದ ಮೇಲೆ 1919ರಲ್ಲಿ ಅವನು ಸತ್ತವರ ಬಾಯಲ್ಲಿ ಆಡಿಸಿದ ಸಣ್ಣ ಸಣ್ಣ ಗೋರಿಬರಹಗಳ ಒಂದು ಮಾಲೆಯನ್ನು ಪ್ರಕಟಿಸಿದ. ಅದರಲ್ಲಿನ ಎರಡು ಸಾಲಿನ ಒಂದು ಬರಹ ಕನ್ನಡದಲ್ಲಿ ಹೀಗಾಗುತ್ತದೆ: ನಾವು ಏಕೆ ಸತ್ತೆವೆಂದು ಯಾರಾದರೂ ಕೇಳಿದರೆ, ನಮ್ಮ ತಂದೆಯಂದಿರು ಸುಳ್ಳು ಹೇಳಿದ್ದಕ್ಕೆ ಎಂದು ಹೇಳಿ. ಲಿಸ್ಪೆತ್ ಮೂವತ್ತಮೂರು ವರ್ಷ ಹಿಂದೆ ಇಂಗ್ಲಿಷರೆಲ್ಲರಿಗೆ ಹೇಳಿದ್ದ ಪದವನ್ನು ಈಗ ಅವನೇ ಎತ್ತಿಕೊಂಡಿದ್ದ.

ಅದೇ ಮಾಲೆಯಲ್ಲಿ ಫ್ರಾನ್ಸಿನಲ್ಲಿ ಸತ್ತ ಹಿಂದೂ ಸಿಪಾಯಿಗೆ ಬರೆದ ಎರಡು ಸಾಲುಗಳಿವೆ. ಈ ಮನುಷ್ಯ ತನ್ನ ನಾಡಿನಲ್ಲಿ ಯಾವ ಶಕ್ತಿಗಳಿಗೆ ಕೈಮುಗಿಯುತ್ತಿದ್ದನೋ ನಮಗೆ ತಿಳಿಯದು. ನಮ್ಮ ನಾಡಿನಲ್ಲಿ ಅವನು ತೋರಿದ ಧೈರ್ಯಕ್ಕೆ ಅವೇ ಅವನಿಗೆ ಫಲ ಕೊಡಲೆಂದು ನಾವು ಅವನ್ನು ಬೇಡುತ್ತೇವೆ. ಇದಕ್ಕೆ ಸ್ವಲ್ಪ ಮೊದಲು, ಆಸ್ಪತ್ರೆಗಳಿಂದ, ಕಂದಕಗಳಿಂದ ಭಾರತೀಯ ಸಿಪಾಯಿಗಳು ಊರಿಗೆ ಬರೆದ, ಸೈನ್ಯದವರು ತೆರೆದು ಓದಿದ ಕಾಗದಗಳ ಭಾಗಗಳನ್ನು ಸರ್ಕಾರ ಅವನ ಕೈಗೆ ಕೊಟ್ಟಿತ್ತು. ಅವುಗಳಿಂದ ಅವನು ನಾಲ್ಕು ಕಲ್ಪಿತ ಕಾಗದಗಳನ್ನು ಹೊಸೆದು 1918ರಲ್ಲಿ ‘ದ ಐಸ್ ಆಫ್ ಏಷಿಯಾ’ ಎಂದು ಪುಸ್ತಕ ಮಾಡಿದ. ಅಲ್ಲಿ ಸಿಪಾಯಿಗಳ ದನಿ ಕೇಳಿಸಿತು ಎಂದೇ ತೋರುತ್ತದೆ, ನುಡಿಗಟ್ಟು ಸೊಗಸಾಗಿದೆ. ಅವರೆಲ್ಲರೂ ಫ್ರಾನ್ಸನ್ನು ಹೊಗಳುತ್ತಾರೆ, ಯುದ್ಧವನ್ನು ಒಪ್ಪುತ್ತಾರೆ. ಎರಡು ಸಾಲಿನ ಗೋರಿಬರಹ ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ‘ನಮಗೆ ತಿಳಿಯದು’ ಎಂಬ ಆ ಒಂದು ಮಾತಿಗೆ. ಮೂವತ್ತೈದು ವರ್ಷಕ್ಕೂ ಮಿಕ್ಕಿ ಎಲ್ಲವನ್ನೂ ಬಲ್ಲವನಾಗಿ ಬರೆದವನ ಕೈಯಿಂದ ಅದು ಬಂದಿದೆ.

ಸುದ್ದಿಯಿಲ್ಲದೆ ಮಗನನ್ನು ಕಳೆದುಕೊಂಡವನು ಯುದ್ಧದ ಸಮಾಧಿಗಳ ಆಯೋಗದಲ್ಲಿ ಸೇರಿಕೊಂಡ. ಗುರುತು ಸಿಗದವರ ಕಲ್ಲಿನ ಮೇಲಿನ ‘ದೇವರು ಬಲ್ಲವನು’ ಎಂಬ ಸಾಲು ಅವನು ಆಯ್ದುಕೊಟ್ಟದ್ದು. ಆ ಸ್ಮಶಾನಗಳಲ್ಲಿ ಅಲೆದ ಮೇಲೆ, 1925ರಲ್ಲಿ, ‘ದ ಗಾರ್ಡನರ್’ ಎಂಬ ಕಥೆ ಬರೆದ. ಹೆಲೆನ್ ಎಂಬ ಮದುವೆಯಾಗದ ಹೆಂಗಸು ಒಂದು ಕೂಸನ್ನು ತನ್ನ ತೀರಿಹೋದ ತಮ್ಮನ ಮಗನೆಂದು ಊರಿಗೆಲ್ಲ ಹೇಳಿ ಸಾಕುತ್ತಾಳೆ. ಊರು ಅವಳನ್ನು ಮೆಚ್ಚುತ್ತದೆ. ಹುಡುಗ ದೊಡ್ಡವನಾಗಿ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಅವನ ಗೋರಿ ನೋಡಲು ಅವಳು ದೂರದ ಸ್ಮಶಾನಕ್ಕೆ ಹೋಗುತ್ತಾಳೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮಲಗಿರುವ ಆ ಬಯಲಲ್ಲಿ ಕಪ್ಪು ಶಿಲುಬೆಗಳು, ಅವುಗಳ ಮೇಲೆ ತಗಡಿನ ಪಟ್ಟಿಗಳು, ಎಲ್ಲಿಂದ ಹುಡುಕಬೇಕೆಂದು ತೋಚದು. ಹೊಸ ಮಣ್ಣಿನಲ್ಲಿ ಮೊಣಕಾಲೂರಿ ಸಸಿ ನೆಡುತ್ತಿದ್ದ ಒಬ್ಬ ಎದ್ದು ಬಂದು, ಯಾರನ್ನು ಹುಡುಕುತ್ತಿದ್ದೀಯೆಂದು ಕೇಳುತ್ತಾನೆ. ಬದುಕಿಡೀ ಸಾವಿರ ಸಲ ಹೇಳಿ ಸವೆಸಿದ್ದ ಮಾತನ್ನೇ ಅವಳು ಹೇಳುತ್ತಾಳೆ: ನನ್ನ ತಮ್ಮನ ಮಗ. ಅವನು ತಲೆಯೆತ್ತಿ ಅವಳನ್ನು ನೋಡುತ್ತಾನೆ.

“ಬಾ, ನಿನ್ನ ಮಗ ಎಲ್ಲಿ ಮಲಗಿದ್ದಾನೆಂದು ತೋರಿಸುತ್ತೇನೆ.”